‘ಫೈಲ್ ಹೋಗ್ಬಿಡ್ತು’ ಅನ್ನೋಕ್ಮುಂಚೆ: ಆಫೀಸ್ ಡಾಕ್ಯುಮೆಂಟ್ ತೊಂದ್ರೆ ಪತ್ತೆ ಹಚ್ಚೋ ಕೈಪಿಡಿ

ದಾವಣಗೆರೆಯಲ್ಲಿ ಹೆಡ್ ಆಫೀಸು, ಹರಿಹರ ಚನ್ನಗಿರಿ ಜಗಳೂರು, ಆ ಕಡೆ ಚಿತ್ರದುರ್ಗ ಹಿರಿಯೂರು ಚಳ್ಳಕೆರೆವರೆಗೂ ಬ್ರಾಂಚು, ಹಿಂಗಿರೋ ಒಂದು ದೊಡ್ಡ ಸಂಸ್ಥೆಯ ಸಿಸ್ಟಮ್ ಸೆಕ್ಷನ್‌ನಲ್ಲಿ ನನ್ನ ಕೆಲಸ. ಆಫೀಸ್ ಬಾಗಿಲು ತೆಗೆದ್ರೆ ಸಾಕು, "ಅಣ್ಣಾ, ಫೈಲ್ ಹೋಗ್ಬಿಟ್ಟೈತೆ ಬೇಗ ಬಾ" ಅಂತ ಫೋನು. ಹೋಗಿ ನೋಡಿದ್ರೆ ಬಹಳ ಸಲ ಫೈಲು ಎಲ್ಲೂ ಹೋಗಿರಲ್ಲ, ಹೆಸರು ಬೇರೆ ಆಗಿರುತ್ತೆ, ಇಲ್ಲ ಲಾಗಿನ್ ಬೇರೆ ಇರುತ್ತೆ, ಇಲ್ಲ ಅಕ್ಷರನೇ ಬೇರೆ ಇರುತ್ತೆ. ನಿಜವಾಗ್ಲೂ ಫೈಲ್ ಹೋಗೋದು ಅದಾದ್ಮೇಲೆ, ಗಾಬರೀಲಿ ನಾವೇ ಏನೇನೋ ಒತ್ತಿದಾಗ. ಅದಕ್ಕೇ ಕಣ್ಣಿಗೆ ಏನು ಕಾಣ್ತಿದೆಯೋ ಅದರಿಂದಲೇ ಶುರು ಮಾಡಿ, ದುಡ್ಡು ಖರ್ಚಿಲ್ಲದ್ದು ಮೊದಲು, ಕಷ್ಟದ್ದು ಆಮೇಲೆ ಅನ್ನೋ ಲೆಕ್ಕದಲ್ಲಿ ಬರೆದಿದ್ದೀನಿ.

ಯಾವ ತೊಂದ್ರೆ ಇದ್ರೂ ಮೊದಲು ಒಂದು ಮಾತು. ಅದೇ ಹೆಸರಲ್ಲಿ ಹೊಸ ಫೈಲ್ ಮಾಡಿ ಅದೇ ಜಾಗಕ್ಕೆ ಸೇವ್ ಮಾಡ್ಬೇಡ್ರಿ, ರೀಸೈಕಲ್ ಬಿನ್ ಖಾಲಿ ಮಾಡ್ಬೇಡ್ರಿ, ಕೆಟ್ಟಂಗೆ ಕಾಣೋ ಫೈಲ್ ತೆಗೆದು ಹಂಗೇ ಸೇವ್ ಒತ್ತಬೇಡ್ರಿ. ಒಂದು ಸ್ಕ್ರೀನ್‌ಶಾಟ್ ತಗೊಂಡು ಟೈಮ್ ಎಷ್ಟಾಗಿತ್ತು ಅಂತ ಬರೆದಿಟ್ಕೊಳ್ರಿ, ಆಮೇಲೆ ಮುಂದಿಂದು.

ನಿನ್ನೆ ಇತ್ತು, ಇವತ್ತು ಕಾಣ್ತಿಲ್ಲ

ಯಾವ ಲಾಗಿನ್‌ನಲ್ಲಿ ಇದ್ದೀರಿ ನೋಡ್ರಿ. ಬ್ರೌಸರ್‌ನಲ್ಲಿ ಆಫೀಸ್ ಐಡಿನೂ ಸ್ವಂತ ಮೇಲ್ ಐಡಿನೂ ಎರಡೂ ತೆಗೆದಿಟ್ಕೊಂಡಿರೋರಿಗೆ ಇದು ದಿನಾ ಆಗೋ ಕಥೆ. ಮೇಲೆ ಬಲಗಡೆ ಮೂಲೇಲಿ ಇರೋ ಫೋಟೋ ಮೇಲೆ ಒತ್ತಿದ್ರೆ ಗೊತ್ತಾಗುತ್ತೆ. ಅದು ಸರಿ ಇದ್ರೆ ಪಟ್ಟಿಗೆ ಫಿಲ್ಟರ್ ಏನಾದ್ರೂ ಬಿದ್ದಿದೆಯಾ ನೋಡ್ರಿ, ಯಾರೋ ಹೋದ ತಿಂಗಳು ‘ನನ್ನದು ಮಾತ್ರ’ ಅಂತ ಹಾಕಿ ಹಂಗೇ ಬಿಟ್ಟಿರ್ತಾರೆ. ಆಮೇಲೆ ಅಕ್ಕಪಕ್ಕದ ಫೋಲ್ಡರ್. ಮೌಸ್ ಒತ್ತಿ ಹಿಡಿದು ಎಳೆದುಬಿಟ್ರೆ ಇಡೀ ಫೋಲ್ಡರ್ರೇ ಪಕ್ಕದ ಫೋಲ್ಡರ್ ಒಳಗೆ ಹೋಗಿ ಕೂತ್ಕೊಳ್ಳುತ್ತೆ, ಎಳೆದೋರಿಗೆ ಗೊತ್ತೂ ಆಗಿರಲ್ಲ. 2022-23ರ ಫೋಲ್ಡರ್ ಕಾಣ್ತಿಲ್ಲ ಅಂದ್ರೆ 2021-22 ತೆಗೆದು ನೋಡ್ರಿ, ಬೈಕೊಂಡ್ರೂ ಪರವಾಗಿಲ್ಲ ಅಲ್ಲೇ ಇರುತ್ತೆ.

ಇನ್ನೊಂದು ಚೆಕ್ ಕಂಪ್ಯೂಟರಲ್ಲೇ ಅಲ್ಲ, ಟೇಬಲ್ ಮೇಲೆ ಐತೆ. ಆವಕ-ಜಾವಕ ರಿಜಿಸ್ಟರ್. ಕಾಗದ ಬಂದಿದ್ದು ಯಾವ ತಾರೀಕು, ಯಾವ ಸೆಕ್ಷನ್ನಿಗೆ ಹೋಯ್ತು ಅಂತ ಅದರಲ್ಲಿ ಇದ್ರೆ ಹುಡುಕೋ ಜಾಗ ಅರ್ಧ ಕಮ್ಮಿ ಆಯ್ತು. ಹೊಸ ಹುಡುಗ್ರು ಇದನ್ನ ಹಳೇ ಪದ್ಧತಿ ಅಂತ ನಗ್ತಾರೆ, ನಗಲಿ ಬಿಡ್ರಿ.

ಇನ್ನೂ ಸಿಗಲಿಲ್ಲ ಅಂದ್ರೆ ಡಿಲೀಟ್ ಆಗಿರಬಹುದು. ಈಗ ಫೈಲು ಎಲ್ಲಿತ್ತು ಅನ್ನೋದರ ಮೇಲೆ ದಾರಿ ಬೇರೆ ಬೇರೆ. ಶೇರ್‌ಪಾಯಿಂಟ್‌ನಲ್ಲಿ (ಆಫೀಸಿನೋರೆಲ್ಲ ನೆಟ್ ಮೂಲಕ ಫೈಲ್ ಹಂಚ್ಕೊಳ್ಳೋ ಮೈಕ್ರೋಸಾಫ್ಟ್‌ನ ಜಾಗ) ಇದ್ರೆ ರೀಸೈಕಲ್ ಬಿನ್‌ನಲ್ಲಿ 93 ದಿನ ಇರುತ್ತೆ, ನಿಮ್ಮ ಬಿನ್‌ನಲ್ಲಿ ಇಲ್ಲ ಅಂದ್ರೂ ಅಡ್ಮಿನ್‌ಗೆ ಕಾಣೋ ಎರಡನೇ ಬಿನ್ ಒಂದಿದೆ, ಎರಡೂ ಸೇರಿ ಅದೇ 93 ದಿನ. ಗೂಗಲ್ ಡ್ರೈವ್ ಆದ್ರೆ ಟ್ರ್ಯಾಶ್‌ನಲ್ಲಿ 30 ದಿನ, ಅದೂ ಖಾಲಿ ಆದ್ಮೇಲೆ ಸಂಸ್ಥೆಯ ಅಕೌಂಟಾಗಿದ್ರೆ ಅಡ್ಮಿನ್ ಇನ್ನೊಂದು 25 ದಿನದೊಳಗೆ ತೆಗೆದುಕೊಡಬಹುದು. ಆದ್ರೆ ಆಫೀಸ್ ಒಳಗಿನ ಸರ್ವರ್ ಡ್ರೈವ್ ಇರುತ್ತಲ್ಲ, ಎಲ್ರೂ ‘ಝಡ್ ಡ್ರೈವ್’ ಅಂತೀವಲ್ಲ, ಅದರಲ್ಲಿ ಡಿಲೀಟ್ ಮಾಡಿದ್ದು ನಿಮ್ಮ ಕಂಪ್ಯೂಟರ್‌ನ ರೀಸೈಕಲ್ ಬಿನ್‌ಗೆ ಬರೋದೇ ಇಲ್ಲ, ಸೀದಾ ಹೋಗುತ್ತೆ. ಬಹಳ ಜನಕ್ಕೆ ಇದು ಗೊತ್ತಿಲ್ಲ. ಅಲ್ಲಿ ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ‘ಪ್ರೀವಿಯಸ್ ವರ್ಷನ್ಸ್’ ನೋಡ್ರಿ, ಸರ್ವರ್‌ನಲ್ಲಿ ಆ ಸೌಲಭ್ಯ ಆನ್ ಮಾಡಿದ್ರೆ ಹಳೆ ಕಾಪಿ ಸಿಗುತ್ತೆ, ಇಲ್ಲಾಂದ್ರೆ ಬ್ಯಾಕಪ್ಪೇ ಗತಿ.

ಫೈಲು ನಿಮ್ಮ ಕಂಪ್ಯೂಟರ್ ಡಿಸ್ಕ್‌ನಲ್ಲೇ ಇದ್ದು ಬಿನ್‌ನಿಂದಲೂ ಹೋಗಿದ್ರೆ ಅಲ್ಲಿಗೆ ಕೈ ತೆಗೀರಿ, ಅದರಲ್ಲಿ ಇನ್ನೊಂದು ಫೈಲ್ ಕೂಡ ಸೇವ್ ಮಾಡ್ಬೇಡ್ರಿ, ರಿಕವರಿ ಸಾಫ್ಟ್‌ವೇರ್ ಅಂತ ಅದೇ ಡಿಸ್ಕ್‌ಗೆ ಡೌನ್‌ಲೋಡ್ ಮಾಡೋದಂತೂ ಬೇಡವೇ ಬೇಡ. ಎಸ್‌ಎಸ್‌ಡಿ (ತಿರುಗೋ ತಟ್ಟೆ ಇಲ್ಲದ ಚಿಪ್ ಡಿಸ್ಕ್) ಆಗಿದ್ರೆ ಡಿಲೀಟ್ ಆದ ಜಾಗನ ಅದೇ ತೊಳೆದು ಇಟ್ಕೊಳ್ಳುತ್ತೆ, ಹಂಗಾಗಿ ವಾಪಸ್ ಸಿಗೋ ಆಸೆ ಕಮ್ಮಿ. ಹಾರ್ಡ್ ಡಿಸ್ಕ್ ‘ಟಕ್ ಟಕ್’ ಅಂತ ಸದ್ದು ಮಾಡ್ತಿದ್ರೆ ಆಫ್ ಮಾಡಿ ತಿಳಿದೋರಿಗೆ ಕೊಡ್ರಿ, ಮತ್ತೆ ಮತ್ತೆ ಹಾಕಿ ತೆಗೆದು ಮಾಡಿದಷ್ಟೂ ಒಳಗೆ ಗೀರು ಬೀಳುತ್ತೆ.

ಫೈಲ್ ಐತೆ, ಸರ್ಚ್ ಮಾಡಿದ್ರೆ ಮಾತ್ರ ಬರಲ್ಲ

ನನ್ನ ಪ್ರಕಾರ ನಮ್ಮ ಕಡೆ ಆಫೀಸ್‌ಗಳಲ್ಲಿ ಅತಿ ದೊಡ್ಡ ತೊಂದ್ರೆ ಇದೇ. ಇಂಗ್ಲಿಷಲ್ಲಿ ಬರೆದಿರೋ ಮ್ಯಾನ್ಯುಯಲ್‌ಗಳಲ್ಲಿ ಇದಕ್ಕೆ ಉತ್ತರ ಸಿಗಲ್ಲ, ಯಾಕಂದ್ರೆ ಇದು ಕನ್ನಡದ್ದೇ ಸಮಸ್ಯೆ.

ಮೊದಲು ಆ ಡಾಕ್ಯುಮೆಂಟ್ ತೆಗೆದು ಒಂದು ಸಾಲನ್ನ ಮೌಸ್‌ನಿಂದ ಸೆಲೆಕ್ಟ್ ಮಾಡೋಕೆ ನೋಡ್ರಿ. ಅಕ್ಷರ ಅಕ್ಷರ ಸೆಲೆಕ್ಟ್ ಆಗದೆ ಇಡೀ ಪುಟ ಒಂದು ಚಿತ್ರದ ಥರ ಆದ್ರೆ ಅದು ಬರೀ ಸ್ಕ್ಯಾನ್ ಮಾಡಿದ ಫೋಟೋ, ಒಳಗೆ ಅಕ್ಷರನೇ ಇಲ್ಲ, ಸರ್ಚ್ ಎಲ್ಲಿಂದ ಹುಡುಕುತ್ತೆ ಪಾಪ. ಅದಕ್ಕೆ ಓಸಿಆರ್ ಮಾಡ್ಬೇಕು, ಅಂದ್ರೆ ಚಿತ್ರದಲ್ಲಿರೋದನ್ನ ಕಂಪ್ಯೂಟರ್ ಓದಿ ಅಕ್ಷರ ಮಾಡ್ಕೊಳ್ಳೋದು. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆಗೆದ್ರೆ ಕನ್ನಡ ಓದುತ್ತೆ, ಟೆಸೆರಾಕ್ಟ್ ಅನ್ನೋ ಪುಕ್ಕಟೆ ಸಾಫ್ಟ್‌ವೇರ್‌ಗೂ ಕನ್ನಡ ಬರುತ್ತೆ, ಹೊರಗೆ ಕಳಿಸಬಾರದ ಕಾಗದಕ್ಕೆ ಎರಡನೇದೇ ಒಳ್ಳೇದು ಯಾಕಂದ್ರೆ ನಮ್ಮ ಕಂಪ್ಯೂಟರ್‌ನಲ್ಲೇ ಓಡುತ್ತೆ. ಸ್ಕ್ಯಾನ್ 300 ಡಿಪಿಐ (ಇಂಚಿಗೆ 300 ಚುಕ್ಕಿ) ಇರಲಿ. ಕೈಬರಹದ ಟಿಪ್ಪಣಿಗೆ ಇದನ್ನ ನಂಬ್ಕೋಬೇಡ್ರಿ.

ಸೆಲೆಕ್ಟ್ ಆಯ್ತು ಅಂದ್ರೆ ಅದೇ ಸಾಲನ್ನ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡ್ರಿ. ಕನ್ನಡ ಕನ್ನಡವಾಗೇ ಬಂದ್ರೆ ಯೂನಿಕೋಡ್, ಅಂದ್ರೆ ಕನ್ನಡದ ಒಂದೊಂದು ಚಿಹ್ನೆಗೂ ತನ್ನದೇ ನಂಬರ್ ಇರೋ ಈಗಿನ ಪದ್ಧತಿ. ಇಂಗ್ಲಿಷ್ ಅಕ್ಷರಕ್ಕೆಲ್ಲ ಟೋಪಿ, ಕೊಂಬು, ಚುಕ್ಕಿ ಇಟ್ಟಂಗೆ ಏನೇನೋ ಬಂದ್ರೆ ಅದು ಹಳೇ ನುಡಿ ಅಥವಾ ಬರಹ (ಎರಡೂ ಕನ್ನಡ ಟೈಪ್ ಮಾಡೋ ಸಾಫ್ಟ್‌ವೇರ್) ಇವುಗಳ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಅಲ್ಲಿ ಕಂಪ್ಯೂಟರ್‌ಗೆ ಗೊತ್ತಿರೋದು ಇಂಗ್ಲಿಷ್ ಅಕ್ಷರನೇ, ಕನ್ನಡದ ಹಂಗೆ ಕಾಣ್ಸೋದು ಬರೀ ಫಾಂಟ್‌ನ ವೇಷ. ಹಂಗಾಗಿ ಮೊಬೈಲ್‌ನಲ್ಲಿ ಕನ್ನಡ ಟೈಪ್ ಮಾಡಿ ಹುಡುಕಿದ್ರೆ ಜನ್ಮದಲ್ಲಿ ಸಿಗಲ್ಲ. ತಕ್ಷಣಕ್ಕೆ ಬೇಕು ಅಂದ್ರೆ ಒಂದು ಉಪಾಯ: ನುಡಿ ಆನ್ ಮಾಡಿ ಆಸ್ಕಿ ಮೋಡ್‌ನಲ್ಲೇ ಸರ್ಚ್ ಡಬ್ಬಿಯಲ್ಲಿ ಟೈಪ್ ಮಾಡ್ರಿ, ಡಬ್ಬೀಲಿ ವಿಚಿತ್ರವಾಗಿ ಕಾಣುತ್ತೆ, ಕಾಣಲಿ, ಫೈಲ್ ಸಿಗುತ್ತೆ.

ಶಾಶ್ವತವಾಗಿ ಸರಿ ಮಾಡೋಕೆ ಯೂನಿಕೋಡ್‌ಗೆ ಕನ್ವರ್ಟ್ ಮಾಡ್ಬೇಕು, ನುಡಿ ಬರಹ ಎರಡರಲ್ಲೂ ಆ ಸೌಲಭ್ಯ ಐತೆ. ಮೂಲ ಫೈಲ್ ಮುಟ್ಟಬೇಡ್ರಿ, ಕಾಪಿ ಮೇಲೆ ಮಾಡ್ರಿ. ಮಧ್ಯದಲ್ಲಿ ನಿಜವಾದ ಇಂಗ್ಲಿಷ್ ಪದ, ಪ್ಯಾನ್ ನಂಬರ್, ಮೇಲ್ ಐಡಿ ಇದ್ರೆ ಅದನ್ನೂ ಕನ್ನಡ ಅಂದ್ಕೊಂಡು ಕಲಸಿ ಹಾಕಿಬಿಡುತ್ತೆ. ಒತ್ತಕ್ಷರ, ಅರ್ಕಾವತ್ತು ಇರೋ ಹೆಸರುಗಳನ್ನ ಕಣ್ಣಾರೆ ನೋಡ್ರಿ. ಸಾವಿರಾರು ಫೈಲ್ ಒಟ್ಟಿಗೆ ಮಾಡ್ಬೇಕು ಅಂದ್ರೆ ನೀವೇ ಕೂತು ಮಾಡೋ ಕೆಲಸ ಅಲ್ಲ ಅದು, ಸಿಸ್ಟಮ್ ಸೆಕ್ಷನ್‌ಗೆ ಬಿಡ್ರಿ.

ಯೂನಿಕೋಡೇ ಇದ್ದೂ ಸಿಗದೇ ಇರೋದೂ ಉಂಟು. ಅನುಸ್ವಾರ ‘ಂ’ ಟೈಪ್ ಮಾಡೋ ಕಡೆ ಕನ್ನಡದ ಸೊನ್ನೆ ‘೦’ ಹಾಕಿರ್ತಾರೆ, ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರ್‌ಗೆ ಬೇರೆ ಬೇರೆ. ‘ಕೊ’ ಅನ್ನೋದನ್ನ ಒಂದು ಕೀಬೋರ್ಡ್ ಒಂದೇ ಚಿಹ್ನೆಯಾಗಿ ಬರೆಯುತ್ತೆ, ಇನ್ನೊಂದು ಎತ್ವ, ಕೊಂಬಿನ ದೀರ್ಘ ಎರಡು ಸೇರಿಸಿ ಬರೆಯುತ್ತೆ. ‘ರ‍್ಯ’ ಥರದ ಅಕ್ಷರದಲ್ಲಿ ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಒಂದು ಕೂತಿರುತ್ತೆ. ಇದನ್ನ ಪತ್ತೆ ಮಾಡೋದು ಸುಲಭ, ಆ ಡಾಕ್ಯುಮೆಂಟಿಂದಲೇ ಪದ ಕಾಪಿ ಮಾಡಿ ಸರ್ಚ್‌ಗೆ ಹಾಕ್ರಿ. ಕಾಪಿ ಮಾಡಿದ್ರೆ ಸಿಕ್ತು, ಟೈಪ್ ಮಾಡಿದ್ರೆ ಸಿಗಲಿಲ್ಲ ಅಂದ್ರೆ ಇದೇ ಕಾರಣ. ಆಗ ಪೂರ್ತಿ ಪದ ಬಿಟ್ಟು ಈ ಅಕ್ಷರಗಳು ಇಲ್ಲದ ತುಂಡು ಹಾಕಿ ಹುಡುಕ್ರಿ.

ಇನ್ನೊಂದು ನಮ್ಮ ಜಿಲ್ಲೆದೇ ವಿಶೇಷ. ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆ, ಹೊನ್ನಾಳಿ ಚನ್ನಗಿರಿ ಶಿವಮೊಗ್ಗ ಜಿಲ್ಲೆ, ಹರಪನಹಳ್ಳಿ ಬಳ್ಳಾರಿ. ಅದರಲ್ಲಿ ಹರಪನಹಳ್ಳಿ 2018ರಲ್ಲಿ ವಾಪಸ್ ಬಳ್ಳಾರಿಗೆ ಹೋಯ್ತು, 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅಲ್ಲಿಗೆ ಸೇರ್ತು. ಅಂದ್ರೆ ಹರಪನಹಳ್ಳಿಯ ಒಂದೇ ಜಾಗದ ಕಾಗದ ಮೂರು ಜಿಲ್ಲೆ ಹೆಸರಲ್ಲಿ ಕೂತಿರಬಹುದು. ಜಿಲ್ಲೆ ಅಂತ ಫಿಲ್ಟರ್ ಹಾಕಿ ‘ಹಳೇದೆಲ್ಲಾ ಮಾಯ’ ಅನ್ನೋರು ಜಿಲ್ಲೆ ತೆಗೆದು ತಾಲೂಕು, ಗ್ರಾಮ, ಸರ್ವೆ ನಂಬರ್ ಹಾಕಿ ನೋಡ್ರಿ. ಊರ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗೂ ಹಂಗೇ. ನಮ್ಮೂರನ್ನೇ ಮಧ್ಯದ ‘ಎ’ ಹಾಕಿ ಒಬ್ರು, ಬಿಟ್ಟು ಒಬ್ರು ಬರೀತಾರೆ. 2014ರ ನವೆಂಬರ್ 1ರಿಂದ ಶಿವಮೊಗ್ಗ, ತುಮಕೂರು, ಬಳ್ಳಾರಿ ಎಲ್ಲದರ ಇಂಗ್ಲಿಷ್ ಸ್ಪೆಲ್ಲಿಂಗ್ ಸರ್ಕಾರವೇ ಬದಲಾಯಿಸಿದೆ, ಹಳೆ ಫೈಲ್‌ಗೆ ಹಳೆ ಸ್ಪೆಲ್ಲಿಂಗ್ ಹಾಕ್ಬೇಕು. ಮೂಲ ದಾಖಲೆಯಲ್ಲಿರೋ ಜಿಲ್ಲೆ ಹೆಸರನ್ನ ತಿದ್ದಬೇಡ್ರಿ ಮತ್ತೆ, ಪಕ್ಕದಲ್ಲಿ ‘ಈಗಿನ ಜಿಲ್ಲೆ’ ಅಂತ ಇನ್ನೊಂದು ಕಾಲಂ ಮಾಡ್ಕೊಳ್ರಿ ಸಾಕು.

ಓಪನ್ ಆಗುತ್ತೆ, ಅಕ್ಷರ ಎಲ್ಲಾ ಹಾಳು

ಹಾಳು ಅಂದ್ರೆ ಹೆಂಗೆ ಹಾಳು ಅಂತ ಸರಿಯಾಗಿ ನೋಡ್ರಿ, ಮೂರು ಥರ ಇರುತ್ತೆ, ಮೂರಕ್ಕೂ ಅರ್ಥ ಬೇರೆ. ಚೌಕ ಚೌಕ ಡಬ್ಬಿ ಕಂಡ್ರೆ ಫಾಂಟ್ ಇಲ್ಲ ಅಷ್ಟೇ, ಒಳಗಿನ ಮಾಹಿತಿ ಸುರಕ್ಷಿತ, ತುಂಗಾ ಅಥವಾ ನಿರ್ಮಲಾ ಫಾಂಟ್‌ಗೆ ಬದಲಾಯಿಸಿ ನೋಡ್ರಿ. ಟೋಪಿ ಕೊಂಬಿನ ಇಂಗ್ಲಿಷ್ ಕಂಡ್ರೆ ಮೇಲೆ ಹೇಳಿದ ಆಸ್ಕಿ ಕಥೆ, ನುಡಿ ಫಾಂಟ್ ಹಾಕಿದ್ರೆ ಸರಿ ಹೋಗುತ್ತೆ. ಆದ್ರೆ ಸಾಲು ಸಾಲು ಪ್ರಶ್ನಾರ್ಥಕ ಚಿಹ್ನೆ ಕಂಡ್ರೆ ಹುಷಾರು, ಯಾರೋ ಕನ್ನಡ ಹಿಡಿಸದ ಫಾರ್ಮ್ಯಾಟ್‌ನಲ್ಲಿ ಸೇವ್ ಮಾಡಿದ್ದಾರೆ, ಅಕ್ಷರ ನಿಜವಾಗ್ಲೂ ಹೋಗಿದೆ, ಯಾವ ಫಾಂಟೂ ವಾಪಸ್ ತರಲ್ಲ. ಸೇವ್ ಮಾಡದೆ ಮುಚ್ಚಿ, ವರ್ಷನ್ ಹಿಸ್ಟರಿ (ಹಿಂದೆ ಸೇವ್ ಆದ ಕಾಪಿಗಳ ಪಟ್ಟಿ) ಅಥವಾ ಬ್ಯಾಕಪ್‌ನಿಂದ ಹಿಂದಿನ ಕಾಪಿ ತೆಗೀರಿ.

ಸಿಎಸ್‌ವಿ (ಕಾಮಾ ಹಾಕಿ ಬೇರ್ಪಡಿಸಿದ ಸಾದಾ ಪಟ್ಟಿ) ಫೈಲನ್ನ ಡಬಲ್ ಕ್ಲಿಕ್ ಮಾಡಿ ಎಕ್ಸೆಲ್‌ನಲ್ಲಿ ತೆಗೆದಾಗ ಕನ್ನಡ ಹೆಸರೆಲ್ಲ ಕಲಸಿದಂಗೆ ಕಂಡ್ರೆ ಫೈಲ್ ಕೆಟ್ಟಿಲ್ಲ, ಎಕ್ಸೆಲ್ ತಪ್ಪಾಗಿ ಓದ್ತಿದೆ. ಖಾಲಿ ಶೀಟ್ ತೆಗೆದು ಡೇಟಾ ಟ್ಯಾಬ್‌ನಿಂದ ಆ ಫೈಲ್ ಒಳಗೆ ತಗೊಳ್ರಿ, ಒರಿಜಿನ್ ಕೇಳಿದಾಗ 65001, ಯುಟಿಎಫ್-8 ಆರಿಸ್ರಿ. ಕಲಸಿ ಕಂಡಿದ್ದನ್ನೇ ಸೇವ್ ಮಾಡಿದ್ರೆ ಮಾತ್ರ ನಿಜವಾಗ್ಲೂ ಕೆಡುತ್ತೆ.

‘ಬೇರೆಯವರು ಎಡಿಟ್ ಮಾಡ್ತಿದ್ದಾರೆ’ ಅಂತ ಬರುತ್ತೆ, ಆದ್ರೆ ಆ ಮೇಡಂ ರಜೆ

ಮೇಡಂ ರಜೆ, ಮೇಡಂ ಕಂಪ್ಯೂಟರ್‌ಗೆ ರಜೆ ಇಲ್ಲ. ಸಂಜೆ ಸ್ಕ್ರೀನ್ ಮಾತ್ರ ಆಫ್ ಮಾಡಿ ಹೋಗಿರ್ತಾರೆ, ಒಳಗೆ ಫೈಲ್ ತೆಗೆದೇ ಇರುತ್ತೆ. ಅವರಿಗೊಂದು ಫೋನ್ ಮಾಡಿ ಕೇಳಿ, ಸೇವ್ ಮಾಡಿ ಮುಚ್ಚಿಸ್ರಿ, ಸುಮ್ನೆ ಪವರ್ ಬಟನ್ ಒತ್ತಬೇಡ್ರಿ. ಯಾರೂ ತೆಗೆದಿಲ್ಲ ಅಂದ್ರೂ ಹಂಗೇ ಬರ್ತಿದ್ರೆ ಆ ಫೋಲ್ಡರ್‌ನಲ್ಲಿ ಹಿಡನ್ ಫೈಲ್ ಕಾಣೋ ಹಂಗೆ ಮಾಡಿ ನೋಡ್ರಿ, ‘~$’ ಇಂದ ಶುರುವಾಗೋ ಚಿಕ್ಕ ಫೈಲ್ ಒಂದು ಇರುತ್ತೆ, ವರ್ಡ್, ಎಕ್ಸೆಲ್ ಇಟ್ಟ ಬೀಗ ಅದು. ಕರೆಂಟ್ ಹೋಗಿ ಕಂಪ್ಯೂಟರ್ ದಬಕ್ಕಂತ ಆಫ್ ಆದಾಗ ಆ ಬೀಗ ಹಂಗೇ ಉಳಿದುಬಿಡುತ್ತೆ. ಎಲ್ರೂ ಮುಚ್ಚಿದ್ದಾರೆ ಅಂತ ಖಾತ್ರಿ ಆದ್ಮೇಲೆ ಅದನ್ನ ಮಾತ್ರ ತೆಗೀಬಹುದು, ಪಕ್ಕದಲ್ಲಿರೋ ಅಸಲಿ ಫೈಲ್ ಅಲ್ಲ.

‘ನನಗೆ ಕಾಣುತ್ತೆ, ಬೇರೆ ಯಾರಿಗೂ ಕಾಣಲ್ಲ’ ಅಂತ ಶೇರ್‌ಪಾಯಿಂಟ್‌ನಲ್ಲಿ ಆದ್ರೆ ಅದು ಚೆಕ್-ಇನ್ ಆಗಿಲ್ಲ, ಅಂದ್ರೆ ‘ಮುಗೀತು, ಎಲ್ರೂ ನೋಡಬಹುದು’ ಅಂತ ಬಿಟ್ಟುಕೊಟ್ಟಿಲ್ಲ. ಚೆಕ್-ಔಟ್ (ತಿದ್ದೋಕ್ಮುಂಚೆ ಫೈಲನ್ನ ತಮ್ಮ ಹೆಸರಿಗೆ ಹಿಡಿದಿಟ್ಕೊಳ್ಳೋದು) ಕಡ್ಡಾಯ ಮಾಡಿರೋ ಲೈಬ್ರರಿಗೆ (ಅಲ್ಲಿ ಫೈಲ್ ಇಡೋ ಜಾಗ) ಹೊಸದಾಗಿ ಹಾಕಿದ ಫೈಲ್, ಹಾಕಿದೋರು ಚೆಕ್-ಇನ್ ಮಾಡೋವರೆಗೂ ಅವರೊಬ್ಬರಿಗೇ ಕಾಣೋದು. ವರ್ಗಾವಣೆ ಆಗಿ ಹೋದೋರ ಹೆಸರಲ್ಲಿ ಹಿಂಗೆ ಸಿಕ್ಕಿಹಾಕ್ಕೊಂಡಿದ್ರೆ ಅಡ್ಮಿನ್ ಬಿಡಿಸಿಕೊಡ್ತಾರೆ.

ಮೂರು ಕಾಪಿ ಇದೆ, ಅಸಲಿ ಯಾವುದು

‘ಫೈನಲ್’, ‘ಫೈನಲ್ 2’, ‘ಸಾಹೇಬ್ರು ನೋಡಿದ ಫೈನಲ್’. ಹೆಸರಿನ ಕೊನೇಲಿ ಯಾವುದಾದ್ರೂ ಕಂಪ್ಯೂಟರ್ ಹೆಸರು ಅಂಟಿಕೊಂಡಿದ್ರೆ ಅದು ಜನ ಮಾಡಿದ್ದಲ್ಲ, ಇಬ್ರು ಒಂದೇ ಸಲ ತಿದ್ದಿದಾಗ ಒನ್‌ಡ್ರೈವ್ (ಮೈಕ್ರೋಸಾಫ್ಟ್‌ನ ನೆಟ್ ಮೇಲಿನ ಫೈಲ್ ಜಾಗ) ತಾನೇ ಮಾಡಿಟ್ಟ ಜಗಳದ ಕಾಪಿ, ಎರಡರಲ್ಲೂ ಬೇರೆ ಬೇರೆ ಬದಲಾವಣೆ ಇರುತ್ತೆ, ಒಂದನ್ನ ಕಣ್ಮುಚ್ಚಿ ಡಿಲೀಟ್ ಮಾಡಿದ್ರೆ ಒಬ್ಬರ ಕೆಲಸ ಹೋಯ್ತು ಅಂತಲೇ ಅರ್ಥ. ವರ್ಡ್‌ನಲ್ಲಿ ರಿವ್ಯೂ ಒಳಗೆ ‘ಕಂಪೇರ್’ ಐತೆ, ಎರಡನ್ನೂ ಹಾಕಿದ್ರೆ ವ್ಯತ್ಯಾಸ ಬಣ್ಣದಲ್ಲಿ ತೋರಿಸುತ್ತೆ.

ತಾರೀಕಿನ ಬಗ್ಗೆ ಒಂದು ಕಿವಿಮಾತು. ಪ್ರಾಪರ್ಟೀಸ್‌ನಲ್ಲಿ ಕ್ರಿಯೇಟ್ ಆದ ತಾರೀಕು ಮಾಡಿಫೈ ಆದ ತಾರೀಕಿಗಿಂತ ಆಮೇಲಿಂದು ಇದ್ರೆ ‘ಹುಟ್ಟೋಕ್ಮುಂಚೆ ತಿದ್ದಿದ್ದಾರೆ’ ಅಂತ ನಗಬೇಡ್ರಿ, ಅದು ಎಲ್ಲಿಂದಲೋ ಕಾಪಿ ಮಾಡ್ಕೊಂಡು ಬಂದ ಫೈಲ್ ಅನ್ನೋ ಗುರುತು. ಸಹಿ ಆದ ಕಾಗದದ ವಿಷಯಕ್ಕೆ ಬಂದ್ರೆ ಯಾವುದು ಅಸಲಿ ಅಂತ ಹೇಳೋದು ಸೆಕ್ಷನ್ ಮೇಲಿನವರ ಕೆಲಸ, ಸಿಸ್ಟಮ್ ಹುಡುಗ್ರದ್ದಲ್ಲ.

ಆಕ್ಸೆಸ್ ಇಲ್ಲ ಅಂತಿದೆ

ಪಕ್ಕದ ಸೀಟಿನವರಿಗೆ ತೆಗೆಯುತ್ತಾ ಕೇಳ್ರಿ. ಅವರಿಗೂ ಇಲ್ಲ ಅಂದ್ರೆ ಫೋಲ್ಡರ್‌ದು ತೊಂದ್ರೆ, ಅವರಿಗೆ ಐತೆ ನಿಮಗಿಲ್ಲ ಅಂದ್ರೆ ನಿಮ್ಮ ಹೆಸರು ಗ್ರೂಪ್‌ನಲ್ಲಿ ಇಲ್ಲ, ಸಾಮಾನ್ಯವಾಗಿ ವರ್ಗಾವಣೆ ಆಗಿ ಬಂದೋರಿಗೆ ಹಿಂಗಾಗುತ್ತೆ. ಇಡೀ ಫೋಲ್ಡರ್ ತೆಗೆಯುತ್ತೆ, ಒಂದೇ ಫೈಲ್ ತೆಗೆಯಲ್ಲ ಅಂದ್ರೆ ಅದಕ್ಕೊಂದಕ್ಕೆ ಯಾರೋ ಬೇರೆ ಪರ್ಮಿಷನ್ ಇಟ್ಟಿದ್ದಾರೆ, ಬೇಕಂತಲೇ ಇಟ್ಟಿರಬಹುದು, ಕೇಳ್ರಿ. ಬೇಗ ಆಗ್ಲಿ ಅಂತ ‘ಎಲ್ಲರಿಗೂ’ ಅಂತ ಶೇರ್ ಮಾಡೋದು ಮಾತ್ರ ಬೇಡ. ಸಂಬಳದ ಪಟ್ಟಿ, ಆಧಾರ್ ಕಾಪಿ, ಆಸ್ಪತ್ರೆ ಬಿಲ್ ಎಲ್ಲಾ ಆ ಫೋಲ್ಡರ್‌ಗಳಲ್ಲೇ ಇರುತ್ತೆ, 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೆ ಕಾಯ್ದೆನೇ ಬಂದಿದೆ.

ಸಿಂಕ್ ಆಗ್ತಿಲ್ಲ, ಕೆಂಪು ಗುರುತು ಬಂದಿದೆ

ಸಿಂಕ್ ಅಂದ್ರೆ ಕಂಪ್ಯೂಟರಲ್ಲಿರೋ ಕಾಪಿನೂ ನೆಟ್ ಮೇಲಿರೋ ಕಾಪಿನೂ ಒಂದೇ ಥರ ಆಗೋದು. ನೆಟ್ ಐತಾ, ಡಿಸ್ಕ್‌ನಲ್ಲಿ ಜಾಗ ಐತಾ ನೋಡ್ರಿ. ಆಮೇಲೆ ಹೆಸರು. ತಾರೀಕನ್ನ 03/04/2023 ಅಂತ ಓರೆ ಗೀಟು ಹಾಕಿ ಫೈಲ್ ಹೆಸರಲ್ಲಿ ಬರಿಯೋಕಾಗಲ್ಲ, " * : < > ? / \ | ಇವು ಯಾವೂ ನಡೆಯಲ್ಲ. 2023-04-03 ಅಂತ ವರ್ಷ ಮುಂದಿಟ್ಟು ಬರೀರಿ, ಸಾಲಾಗೂ ನಿಲ್ಲುತ್ತೆ. ಹೆಸರು ಸರಿ ಇದ್ರೆ ಉದ್ದ ಎಣಿಸ್ರಿ: ಶೇರ್‌ಪಾಯಿಂಟ್‌ನಲ್ಲಿ ಫೋಲ್ಡರ್‌ಗಳ ದಾರಿ ಪೂರ್ತಿ ಸೇರಿ 400 ಅಕ್ಷರ ಮೀರಬಾರದು, ವಿಂಡೋಸ್‌ನಲ್ಲಿ ಬಹಳ ಪ್ರೋಗ್ರಾಂಗಳಿಗೆ ಈಗಲೂ 260 ಮಿತಿ. ಫೋಲ್ಡರೊಳಗೆ ಫೋಲ್ಡರ್, ಅದರೊಳಗೆ ಫೋಲ್ಡರ್, ಒಂದೊಂದಕ್ಕೂ ಸುತ್ತೋಲೆಯ ಪೂರ್ತಿ ವಿಷಯವನ್ನೇ ಹೆಸರಾಗಿ ಇಟ್ರೆ ಮುಗೀತು. ಕನ್ನಡ ಹೆಸರಿನ ಫೈಲ್ ಲಿಂಕನ್ನ ವಾಟ್ಸಾಪ್‌ಗೆ ಹಾಕಿದಾಗ ಮಾರುದ್ದ ಪರ್ಸೆಂಟ್ ಚಿಹ್ನೆ ಬರೋದು ದೋಷ ಅಲ್ಲ, ಲಿಂಕ್‌ನಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ ಒಂಬತ್ತು ಅಕ್ಷರ ಹಿಡಿಯುತ್ತೆ.

ಶೇರ್‌ಪಾಯಿಂಟ್‌ನಲ್ಲಿ ಪಟ್ಟಿ ತೆಗೆದ್ರೆ ‘ಮಿತಿ ಮೀರಿದೆ’ ಅಂತ ಬಂದ್ರೆ ಅದು ಒಂದೇ ಸಲಕ್ಕೆ 5000 ಫೈಲ್‌ನ ಮಿತಿ. ಫೈಲ್‌ಗಳು ಹೋಗಿಲ್ಲ, ಒಂದೇ ಸಲ ತೋರಿಸೋಕೆ ಆಗ್ತಿಲ್ಲ ಅಷ್ಟೇ, ಕಾಲಂಗೆ ಇಂಡೆಕ್ಸ್ (ಬೇಗ ಹುಡುಕೋಕೆ ಸೂಚಿ) ಹಾಕಿ ಫಿಲ್ಟರ್ ಮಾಡೋಕೆ ಅಡ್ಮಿನ್‌ಗೆ ಹೇಳ್ರಿ.

ಸ್ಕ್ಯಾನ್‌ನಲ್ಲಿ ಗೆರೆ, ಪುಟ ಕಮ್ಮಿ

ಎಲ್ಲಾ ಪುಟದಲ್ಲೂ ಒಂದೇ ಜಾಗದಲ್ಲಿ ಉದ್ದ ಗೆರೆ ಬಂದ್ರೆ ಮೆಷಿನ್ ರಿಪೇರಿಗೆ ಕಳಿಸ್ಬೇಡ್ರಿ. ಫೀಡರ್ ಕೆಳಗೆ ಸಣ್ಣ ಗಾಜಿನ ಪಟ್ಟಿ ಇರುತ್ತೆ, ಅದರ ಮೇಲೆ ಧೂಳೋ ವೈಟ್ನರ್ ಚೂರೋ ಅಂಟಿರುತ್ತೆ, ಆಫ್ ಮಾಡಿ ಮೆತ್ತನೆ ಬಟ್ಟೇಲಿ ಒರೆಸ್ರಿ. ಪುಟ ಕಮ್ಮಿ ಆದ್ರೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ಹೋಗಿದೆ, ಇಲ್ಲ ‘ಖಾಲಿ ಪುಟ ಬಿಡು’ ಅನ್ನೋ ಸೆಟ್ಟಿಂಗ್ ಆನ್ ಇದ್ದು ಪೆನ್ಸಿಲ್‌ನಲ್ಲಿ ತೆಳ್ಳಗೆ ಬರೆದ ಪುಟನೂ ಖಾಲಿ ಅಂದ್ಕೊಂಡು ಬಿಟ್ಟಿದೆ.

ಅಂಕಿ ಅಂಶ ಇರೋ ಕಾಗದಕ್ಕೆ ತೀರಾ ಚಿಕ್ಕ ಸೈಜ್ ಮಾಡೋ ಕಂಪ್ರೆಷನ್ ಬಳಸಬೇಡ್ರಿ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಅನ್ನೋರು ಝೆರಾಕ್ಸ್ ಕಂಪನಿಯ ಕೆಲವು ಮೆಷಿನ್‌ಗಳು ಸ್ಕ್ಯಾನ್ ಮಾಡುವಾಗ 6 ಇದ್ದದ್ದನ್ನ 8 ಮಾಡ್ತಿದ್ದದ್ದನ್ನ ತೋರಿಸಿದ್ರು. ಒಂದೇ ಥರ ಕಾಣೋ ಅಕ್ಷರಗಳಿಗೆ ಒಂದೇ ಚಿತ್ರ ಅಂಟಿಸೋ ಕಂಪ್ರೆಷನ್ ಅದಕ್ಕೆ ಕಾರಣ. ಮಸುಕಾಗಿದ್ರೆ ಅನುಮಾನನಾದ್ರೂ ಬರುತ್ತೆ, ಇದು ಅಚ್ಚುಕಟ್ಟಾಗಿ ಸುಳ್ಳು ಅಂಕಿ ತೋರಿಸುತ್ತೆ. ಸ್ಕ್ಯಾನ್ ಆಯ್ತು ಅಂತ ಮೂಲ ಕಾಗದ ರದ್ದಿಗೆ ಹಾಕೋ ಮುಂಚೆ ಪುಟ ಎಣಿಸಿ, ರೆಕಾರ್ಡ್ ರೂಮ್ ನಿಯಮ ಏನಿದೆ ಕೇಳಿ.

ಎಲ್ಲಾ ಫೈಲ್ ಹೆಸರು ಒಟ್ಟಿಗೆ ಬದಲಾಗ್ತಿದೆ, ದುಡ್ಡು ಕೇಳೋ ನೋಟ್ ಬಂದಿದೆ

ಇದು ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೀಳೋ ವೈರಸ್. ಇಲ್ಲಿ ಯಾವ ಚೆಕ್ಕೂ ಇಲ್ಲ. ನೆಟ್ ಕೇಬಲ್ ಕೀಳ್ರಿ, ವೈಫೈ ಆಫ್ ಮಾಡ್ರಿ, ಕಂಪ್ಯೂಟರ್ ಆಫ್ ಮಾಡದೆ ಹಂಗೇ ಬಿಡ್ರಿ, ಸ್ಕ್ರೀನ್ ಫೋಟೋ ಮೊಬೈಲ್‌ನಲ್ಲಿ ತೆಗೀರಿ, ಬ್ಯಾಕಪ್ ಡಿಸ್ಕ್ ಮಾತ್ರ ತಪ್ಪಿಯೂ ಚುಚ್ಚಬೇಡ್ರಿ, ಅದಕ್ಕೂ ಹತ್ತುತ್ತೆ. ತಕ್ಷಣ ಸಿಸ್ಟಮ್ ಸೆಕ್ಷನ್‌ಗೆ ಫೋನ್, ಮೇಲ್ ಅಲ್ಲ. ಸಂಸ್ಥೆಯವರು 6 ಗಂಟೆಯೊಳಗೆ ಸರ್ಟ್-ಇನ್‌ಗೆ (ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ) ತಿಳಿಸಬೇಕು ಅಂತ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಐತೆ, ಹಂಗಾಗಿ ‘ನಾಳೆ ಹೇಳಿದ್ರಾಯ್ತು, ಸಾಹೇಬ್ರು ಬೈತಾರೆ’ ಅಂತ ಮುಚ್ಚಿಡೋದು ಬೇಡ. ದುಡ್ಡೂ ಹೋಗಿದ್ರೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ರಿ.

ನಮಗೆ ಫೋನ್ ಮಾಡುವಾಗ

ಫೈಲ್ ಹೆಸರು, ಎಲ್ಲಿತ್ತು, ಕೊನೆ ಸಲ ಯಾವಾಗ ನೋಡಿದ್ದು, ಬೇರೆಯವರಿಗೆ ಕಾಣುತ್ತಾ, ನೋಟ್‌ಪ್ಯಾಡ್‌ಗೆ ಪೇಸ್ಟ್ ಮಾಡಿದ್ರೆ ಹೆಂಗೆ ಬಂತು, ಇಷ್ಟು ಹೇಳಿದ್ರೆ ಚಳ್ಳಕೆರೆ ಬ್ರಾಂಚಿನದಾದ್ರೂ ಇಲ್ಲಿಂದಲೇ ಸರಿ ಮಾಡಬಹುದು. ಸ್ಕ್ರೀನ್‌ಶಾಟ್ ಕಳಿಸುವಾಗ ಪೂರ್ತಿ ಸ್ಕ್ರೀನ್ ಕಳಿಸ್ರಿ, ಎರರ್ ಡಬ್ಬಿ ಮಾತ್ರ ಕತ್ತರಿಸಿ ಕಳಿಸಿದ್ರೆ ಯಾವ ಫೋಲ್ಡರ್ ಅಂತಲೇ ಗೊತ್ತಾಗಲ್ಲ. ಪಾಸ್‌ವರ್ಡ್ ಮಾತ್ರ ಕಳಿಸ್ಬೇಡ್ರಿ, ಸಿಸ್ಟಮ್ ಸೆಕ್ಷನ್ನಿಂದ ಅಂತ ಹೇಳ್ಕೊಂಡು ಯಾರಾದ್ರೂ ಕೇಳಿದ್ರೂ ಕೊಡಬೇಡ್ರಿ, ನಮಗೆ ಅದು ಬೇಕಾಗೋದೇ ಇಲ್ಲ.